ಗಡಿಯಾಚೆಯ ಮನೆ, ಗೋಡೆಯಾಚೆಯ ನೆರೆ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ನಮಗೆಲ್ಲ ಗೊತ್ತು. ತೆಲುಗಿನಲ್ಲೂ ಇದೇ ಗಾದೆ ಇದೆ, "ಇಲ್ಲು ಕಟ್ಟಿ ಚೂಡು, ಪೆಳ್ಳಿ ಚೇಸಿ ಚೂಡು" ಅಂತ. ಈ ಗಾದೆ ಹೇಳಿದ ಹಿರಿಯರ ಕಾಲದಲ್ಲಿ ಒಬ್ಬರ ಅಡುಗೆಮನೆಯ ಮೇಲೆ ಇನ್ನೊಬ್ಬರ ಬಚ್ಚಲು ಇರಲಿಲ್ಲ. ಇದ್ದಿದ್ದರೆ "ಫ್ಲ್ಯಾಟು ಕೊಂಡು ನೋಡು" ಎಂದು ಮೂರನೆಯ ಮಾತನ್ನೂ ಸೇರಿಸುತ್ತಿದ್ದರೋ ಏನೋ.

ಇಂದು ನಾನು ಆ ಮೂರನೆಯ ಮಾತಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಮ್ಮ ರಾಯದುರ್ಗ, ಮಡಕಶಿರದ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿಗೆ, ಬಳ್ಳಾರಿಗೆ ದುಡಿಯಲು ಹೋಗಿದ್ದಾರೆ. ಕೆಲವರು ದುಬೈ, ಕುವೈತು, ಸಿಂಗಪುರಕ್ಕೂ ಹೋಗಿದ್ದಾರೆ. ಊರಿನ ಜಮೀನು ಮಾರಿಯೋ, ಸಾಲ ಎತ್ತಿಯೋ ಅಲ್ಲೊಂದು ಫ್ಲ್ಯಾಟು ಕೊಳ್ಳುತ್ತಾರೆ. ಕೊಂಡವರು ಒಂದು ಊರಿನಲ್ಲಿ, ಫ್ಲ್ಯಾಟು ಇನ್ನೊಂದು ಊರಿನಲ್ಲಿ. ಆಗ ನೆರೆಯವರೊಂದಿಗೆ ತಕರಾರು ಬಂದರೆ ಏನು ಮಾಡಬೇಕು? ಪರದೇಶ ಎಂದರೆ ವಿಮಾನ ಹತ್ತಿ ಹೋಗುವ ಊರೇ ಆಗಬೇಕಿಲ್ಲ. ನಮ್ಮ ಚೆಕ್‌ಪೋಸ್ಟು ದಾಟಿದರೆ ಸಾಕು, ಸರ್ಕಾರ ಬೇರೆ, ಕಾಯಿದೆ ಬೇರೆ, ಕೋರ್ಟೂ ಬೇರೆ.

ಇದನ್ನು ಗಡಿನಾಡಿನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರುಗಳ ಜೊತೆಗೆ ರಾಯದುರ್ಗವೂ ಆಂಧ್ರಕ್ಕೆ ಬಂತು. ಮಡಕಶಿರ ಅನಂತಪುರ ಜಿಲ್ಲೆಯಲ್ಲೇ ಇತ್ತು, 2022ರ ಏಪ್ರಿಲ್‌ನಲ್ಲಿ ಹೊಸದಾಗಿ ಆದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಾವು ಇದ್ದಲ್ಲೇ ಇದ್ದೆವು, ನಮ್ಮ ಸುತ್ತಲಿನ ಗೆರೆಗಳು ಓಡಾಡಿದವು. ನಮ್ಮ ಊರಿನ ಹೊಲಗಳಲ್ಲಿ ಬದುವಿನ ಈಚೆ ಆಂಧ್ರ, ಆಚೆ ಕರ್ನಾಟಕ. ಆದರೂ ಆಚೆಯವರ ಎತ್ತು ಈಚೆ ಬಂದು ಮೇಯ್ದರೆ ಜಗಳ ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ ಎಂಬುದು ನಮಗೆ ಗೊತ್ತು. ಆ ತಿಳಿವಳಿಕೆಯನ್ನು ಬೆಂಗಳೂರಿನ ಬಸ್ಸು ಹತ್ತುವಾಗ ಮನೆಯಲ್ಲೇ ಮರೆತು ಹೋಗುತ್ತೇವೆ. ನಾವೂ ಹಾಗೇ ಮರೆತೆವು. ಅದನ್ನು ಹೇಳುತ್ತೇನೆ, ಕೇಳಿ.

ನಾನು ಅಗಳಿ ಮಂಡಲದ ಒಂದು ಹಳ್ಳಿಯವಳು. ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಿಯಾದವಳು. 2014ರಲ್ಲಿ ನಮ್ಮ ಯಜಮಾನರು ಕಡಲೆಕಾಯಿ ಬೆಳೆಯುತ್ತಿದ್ದ ಎರಡು ಎಕರೆ ಮಾರಿದರು. ನನ್ನ ಕೈಗೆ ಬಂದಿದ್ದ ದುಡ್ಡನ್ನೂ ಸೇರಿಸಿ, ಬೆಂಗಳೂರಿನ ತುಮಕೂರು ರಸ್ತೆಯ ಕಡೆ ಎರಡನೆಯ ಮಹಡಿಯಲ್ಲಿ ಒಂದು ಫ್ಲ್ಯಾಟು ಕೊಂಡೆವು. ಮಗ ಅಲ್ಲಿ ಮೂರು ವರ್ಷ ಇದ್ದ. ಆಮೇಲೆ ಅವನಿಗೆ ಪುಣೆಗೆ ವರ್ಗವಾಯಿತು. ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ನಾವು ಊರಲ್ಲೇ ಉಳಿದೆವು.

2018ರ ಮಳೆಗಾಲದಲ್ಲಿ ಬಾಡಿಗೆಯವರ ಫೋನು ಬಂತು. ಬಚ್ಚಲಿನ ಗೋಡೆ ನೆನೆದಿದೆ, ಸೂರಿನ ಸುಣ್ಣ ಉದುರುತ್ತಿದೆ, ಮಗುವಿಗೆ ಕೆಮ್ಮು ಹಿಡಿದಿದೆ ಎಂದರು. ನಮ್ಮ ಯಜಮಾನರು ಊರಿನಲ್ಲೇ ಕೂತು ತೀರ್ಮಾನ ಮಾಡಿಬಿಟ್ಟರು: ನೀರು ಮೇಲಿನಿಂದ ಬರುತ್ತಿದೆ, ಮೇಲೆ ಇರುವವರು ಮೂರನೆಯ ಮಹಡಿಯವರು, ಹಾಗಾದರೆ ತಪ್ಪು ಅವರದೇ. ಅವರಿಗೆ ಫೋನು ಮಾಡಿದರು.

"ಸಾರ್, ನಿಮ್ಮ ಬಚ್ಚಲು ಸೋರ್ತಾ ಐತೆ. ಸ್ವಲ್ಪ ರಿಪೇರಿ ಮಾಡಿಸ್ರಿ."

ಆ ಕಡೆಯಿಂದ ಬಂದ ಉತ್ತರ ನನಗೆ ಇಂದಿಗೂ ನೆನಪಿದೆ. "ನನ್ನ ಬಚ್ಚಲು ಸರಿಯಾಗಿದೆ. ನೀವು ಆಂಧ್ರದವರು, ಬಾಡಿಗೆ ಎಣಿಸಿಕೊಳ್ಳೋಕೆ ಮಾತ್ರ ಬರೋರು. ಈ ಕಟ್ಟಡ ಕಾಯ್ತಾ ಇರೋರು ನಾವು."

ಶ್ರೋತೃಗಳೆ, ನೀರು ಸೋರಿದ್ದಕ್ಕಿಂತ ಈ ಮಾತು ಹೆಚ್ಚು ಸೋರಿತು. ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಇಲ್ಲಿ ಆಫೀಸಿಗೆ ಹೋದ್ರೆ ಕನ್ನಡದೋರು ಅಂತಾರೆ. ಅಲ್ಲಿ ಮನೆ ತಗಂಡ್ರೆ ಆಂಧ್ರದೋರು ಅಂತಾರೆ. ನಾವು ಯಾವೂರೋರೇ?" ಎಂದು ನನ್ನನ್ನೇ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಕೋಪದಲ್ಲಿ ಅವರು ಎರಡು ಕೆಲಸ ಮಾಡಿದರು. ನಮ್ಮ ಭಾವಮೈದುನನನ್ನು ಬೆಂಗಳೂರಿಗೆ ಕಳಿಸಿದರು. ಅವನು ಮೂರನೆಯ ಮಹಡಿಯ ಬಾಗಿಲ ಮುಂದೆ ನಿಂತು, ಇಡೀ ಮೆಟ್ಟಿಲಿಗೆ ಕೇಳುವ ಹಾಗೆ ಕೂಗಾಡಿ ಬಂದ. ಅದು ಒಂದು. "ನನ್ನ ಮನೆ ಸೋರೋದು ನಿಲ್ಲೋವರೆಗೂ ಮೇಂಟೆನೆನ್ಸು ಕೊಡಲ್ಲ" ಎಂದು ತಿಂಗಳ ವಂತಿಗೆ ನಿಲ್ಲಿಸಿದರು. ಅದು ಎರಡು. ಹನ್ನೊಂದು ತಿಂಗಳು ಹೀಗೇ ನಡೆಯಿತು. ಮೇಲಿನವರು ಪ್ಲಂಬರನ್ನು ಒಳಗೆ ಬಿಡಲಿಲ್ಲ, ತಮ್ಮ ಸ್ಕೂಟರನ್ನು ತಂದು ನಮ್ಮ ಕಾರಿನ ಜಾಗದಲ್ಲಿ ನಿಲ್ಲಿಸತೊಡಗಿದರು. ನಾವು ದುಡ್ಡು ಕೊಡಲಿಲ್ಲ. ಸಂಘದವರು ಬಾಕಿದಾರರ ಪಟ್ಟಿಯಲ್ಲಿ ನಮ್ಮ ಫ್ಲ್ಯಾಟಿನ ಸಂಖ್ಯೆ ಬರೆದು ಲಿಫ್ಟಿನ ಪಕ್ಕ ಅಂಟಿಸಿದರು. ಬಾಡಿಗೆಯವರು ಮಗುವನ್ನು ಕಟ್ಟಿಕೊಂಡು ಬೇರೆ ಮನೆ ನೋಡಿಕೊಂಡರು. ಗೋಡೆ ಮಾತ್ರ ಯಾರ ಪಕ್ಷವನ್ನೂ ವಹಿಸದೆ ಸೋರುತ್ತಲೇ ಇತ್ತು.

ಕೊನೆಗೆ ನಾನು ಹೊರಟೆ. ಎರಡು ಸೇರು ಹುರಿದ ಕಡಲೆಕಾಯಿ ಕಟ್ಟಿಕೊಂಡು, ಸಿರಾ, ತುಮಕೂರು ದಾಟಿ ಬೆಂಗಳೂರಿಗೆ ಹೋಗಿ, ಆ ಖಾಲಿ ಫ್ಲ್ಯಾಟಿನಲ್ಲಿ ಹದಿನೈದು ದಿನ ಇದ್ದೆ. ಕೊಂಡು ಐದು ವರ್ಷವಾಗಿದ್ದರೂ ನಾನು ಅಲ್ಲಿ ಒಟ್ಟಿಗೆ ಅಷ್ಟು ದಿನ ಇದ್ದದ್ದು ಅದೇ ಮೊದಲು. ಮೂರನೆಯ ದಿನ ಮೇಲಕ್ಕೆ ಹತ್ತಿಹೋದೆ. ಬಾಗಿಲು ತೆಗೆದದ್ದು ಅವರ ಮನೆಯಾಕೆ. "ನಾನು ಕೆಳಗಿನ ಮನೆಯವಳಮ್ಮ. ಅವತ್ತು ನಮ್ಮ ಹುಡುಗ ಬಂದು ಕೂಗಾಡಿದ್ದು ತಪ್ಪು. ಅದನ್ನು ಹೇಳೋಕೆ ಬಂದೆ" ಎಂದೆ. ನೀರಿನ ಮಾತೇ ಎತ್ತಲಿಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ನಮ್ಮ ಅತ್ತೆ ಹೆದರಿ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ" ಎಂದರು. ಒಳಗೆ ಮಂಚದ ಮೇಲೆ ವಯಸ್ಸಾದ ತಾಯಿ ಮಲಗಿದ್ದರು. ನಮ್ಮ ಹುಡುಗ ಬಾಗಿಲಲ್ಲಿ ನಿಂತು ಕೂಗಾಡಿದಾಗ ಒಳಗೆ ಯಾರಿದ್ದಾರೆಂದು ಅವನಿಗೆ ಏನು ಗೊತ್ತು? ಫೋನಿನಲ್ಲಿ ಮಾತಾಡಿದ ನಮಗಾದರೂ ಏನು ಗೊತ್ತು?

ಮರುದಿನ ಸಂಘದ ಕಾರ್ಯದರ್ಶಿಯನ್ನು ಜೊತೆಯಲ್ಲಿ ಕರೆದುಕೊಂಡು ಪ್ಲಂಬರು ಬಂದರು. ಸೋರಿಕೆಯ ಮೂಲ ಹುಡುಕಲು ಒಂದು ಸರಳ ಉಪಾಯವಿದೆ. ಮೇಲಿನ ಬಚ್ಚಲಿನ ನೆಲದಲ್ಲಿ ಬಣ್ಣದ ನೀರು ನಿಲ್ಲಿಸಿ, ಕೆಳಗೆ ಬಣ್ಣ ಇಳಿಯುತ್ತದೆಯೇ ಎಂದು ನೋಡುವುದು. ಕೆಂಪು ನೀರು ನಿಲ್ಲಿಸಿ ಎರಡು ದಿನ ಕಾದೆವು. ನಮ್ಮ ಸೂರಿನಲ್ಲಿ ಒಂದು ತೊಟ್ಟು ಕೆಂಪೂ ಕಾಣಲಿಲ್ಲ. ಆಮೇಲೆ ಕೊಳವೆಗಳು ಇಳಿಯುವ ಸಾಲನ್ನು ಬಿಚ್ಚಿ ನೋಡಿದಾಗ, ಇಡೀ ಕಟ್ಟಡದ ಕೊಳೆನೀರು ಸಾಗುವ ದೊಡ್ಡ ಕೊಳವೆಯ ಕೀಲು ಬಿಟ್ಟಿತ್ತು. ಅದು ಅವರದೂ ಅಲ್ಲ, ನಮ್ಮದೂ ಅಲ್ಲ, ಎಲ್ಲರದು. ರಿಪೇರಿ ಮಾಡಿಸಬೇಕಾದದ್ದು ಸಂಘ, ಅದೂ ನಾವು ಕೊಡದೆ ನಿಲ್ಲಿಸಿದ್ದ ಆ ವಂತಿಗೆಯ ದುಡ್ಡಿನಲ್ಲಿ!

ಹನ್ನೊಂದು ತಿಂಗಳು ನಾವು ಬೈದದ್ದು ತಪ್ಪು ಮನುಷ್ಯನನ್ನು. ಅವರೇನು ಸಾಧುಗಳೆಂದು ನಾನು ಹೇಳುತ್ತಿಲ್ಲ. ಅವತ್ತೇ ಪ್ಲಂಬರನ್ನು ಒಳಗೆ ಬಿಟ್ಟಿದ್ದರೆ ವಿಷಯ ಒಂದು ವಾರದಲ್ಲಿ ಮುಗಿಯುತ್ತಿತ್ತು. "ಆಂಧ್ರದವರು" ಎಂಬ ಮಾತು ಆಡದಿದ್ದರೆ ಇನ್ನೂ ಬೇಗ ಮುಗಿಯುತ್ತಿತ್ತು. ಆದರೆ ಅವರ ಮಾತಿನಲ್ಲಿ ಒಂದು ಪಾಲು ನಿಜವೂ ಇತ್ತು. ನಾವು ಒಂದು ಸಭೆಗೂ ಹೋಗಿರಲಿಲ್ಲ. ನಮ್ಮ ಫೋನು ನಂಬರು ಬದಲಾದದ್ದನ್ನು ಸಂಘಕ್ಕೆ ತಿಳಿಸಿರಲಿಲ್ಲ. ತಾಪತ್ರಯದ ನೆರೆಯವರು ಮೇಲಿದ್ದಾರೆ ಎಂದು ನಾವು ತಿಳಿದಿದ್ದೆವು. ಆ ಕಟ್ಟಡದವರ ಲೆಕ್ಕದಲ್ಲಿ ತಾಪತ್ರಯದ ನೆರೆಯವರು ನಾವು.

ಇನ್ನು ಕಾಯಿದೆಯ ಮಾತಿಗೆ ಬರೋಣ. ಹಳ್ಳಿಯ ಮನೆಗೆ ಪಟ್ಟಾ ಇದೆ, ಚೆಕ್ಕುಬಂದಿ ಇದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ ಎಂದು ಬರೆದಿರುತ್ತದೆ. ಫ್ಲ್ಯಾಟಿಗೆ ನೆಲವೂ ಇನ್ನೊಬ್ಬರ ಸೂರು, ಸೂರೂ ಇನ್ನೊಬ್ಬರ ನೆಲ. ಕರ್ನಾಟಕದಲ್ಲಿ ಇಂಥ ಮನೆಗಳಿಗಾಗಿ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಬಂತು. ಆಂಧ್ರದಲ್ಲಿ 1987ರಲ್ಲಿ ಬೇರೊಂದು ಕಾಯಿದೆ ಬಂತು. ಫ್ಲ್ಯಾಟು ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಕಾಯಿದೆಯೇ ಲೆಕ್ಕಕ್ಕೆ ಬರುತ್ತದೆ, ಒಡೆಯರು ಇರುವ ರಾಜ್ಯದ್ದಲ್ಲ. ನೆರೆಯವರ ಮೇಲೆ ದಾವೆ ಹಾಕಬೇಕಾದರೂ ಅಷ್ಟೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸ್ಥಿರಾಸ್ತಿ ಎಲ್ಲಿದೆಯೋ ಅಲ್ಲಿಯ ಕೋರ್ಟಿಗೇ ಹೋಗಬೇಕು. ಬೆಂಗಳೂರಿನ ಗೋಡೆಗೆ ರಾಯದುರ್ಗದ ಕೋರ್ಟಿನಲ್ಲಿ ನ್ಯಾಯ ಕೇಳಲಾಗದು.

1972ರ ಆ ಕರ್ನಾಟಕ ಕಾಯಿದೆಯ ನಾಲ್ಕು ಸಂಗತಿ ನೆನಪಿಡಿ. ಒಂದು, ಮೆಟ್ಟಿಲು, ಲಿಫ್ಟು, ತಾರಸಿ, ಕೊಳವೆಸಾಲು ಇವೆಲ್ಲ ಸಾಮಾನ್ಯ ಭಾಗಗಳು. ಅವುಗಳಲ್ಲಿ ಪ್ರತಿಯೊಬ್ಬ ಒಡೆಯನಿಗೂ ಬೇರ್ಪಡಿಸಲಾಗದ ಪಾಲು ಇರುತ್ತದೆ. ಎರಡು, ಸಾಮಾನ್ಯ ಖರ್ಚಿನ ಪಾಲನ್ನು ಪ್ರತಿಯೊಬ್ಬರೂ ಕೊಡಬೇಕು. "ನಾನು ಲಿಫ್ಟು ಹತ್ತುವುದಿಲ್ಲ", "ನನ್ನ ಮನೆಗೆ ಬೀಗ ಹಾಕಿದೆ" ಎಂದು ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಮೂರು, ಸಂಘದ ಬೈಲಾ, ಅಂದರೆ ನಿಯಮಾವಳಿಯನ್ನು, ಎಲ್ಲರೂ ಪಾಲಿಸಲೇಬೇಕು. ಮುರಿದವರ ಮೇಲೆ ಸಂಘವೂ, ತಕ್ಕ ಸಂದರ್ಭದಲ್ಲಿ ನೊಂದ ಒಡೆಯರೂ ಕ್ರಮ ಕೈಗೊಳ್ಳಬಹುದು. ನಾಲ್ಕು, ಸಾಮಾನ್ಯ ಭಾಗದ ರಿಪೇರಿಗೆ, ಇಲ್ಲವೆ ಇನ್ನೊಂದು ಮನೆಗೆ ಹಾನಿಯಾಗದಂತೆ ತುರ್ತು ರಿಪೇರಿಗೆ, ಸೂಕ್ತ ಹೊತ್ತಿನಲ್ಲಿ ಯಾವ ಫ್ಲ್ಯಾಟಿನ ಒಳಗಾದರೂ ಹೋಗುವ ಹಕ್ಕು ಸಂಘಕ್ಕಿದೆ. ಈ ನಾಲ್ಕನೆಯದು ನಮಗೆ ಮೊದಲೇ ಗೊತ್ತಿದ್ದರೆ, ಮೂರನೆಯ ಮಹಡಿಯ ಬಾಗಿಲಿನಲ್ಲಿ ಕೂಗಾಡುವ ಬದಲು ಕಾರ್ಯದರ್ಶಿಗೆ ಒಂದು ಕಾಗದ ಬರೆಯುತ್ತಿದ್ದೆವು.

ಕೆಲವು ಕಡೆ ಸಂಘವನ್ನು ಈ ಕಾಯಿದೆಯಡಿ ಮಾಡಿರುವುದಿಲ್ಲ, 1960ರ ಸಂಘಗಳ ನೋಂದಣಿ ಕಾಯಿದೆಯಡಿ ಮಾಡಿರುತ್ತಾರೆ. ಕೊಳ್ಳುವ ಮೊದಲೇ ಸಂಘ ಯಾವ ಕಾಯಿದೆಯಡಿ ಇದೆ, ಅದರ ಬೈಲಾ ಎಲ್ಲಿ ಎಂದು ಕೇಳಿ, ಒಂದು ಪ್ರತಿ ಪಡೆದುಕೊಳ್ಳಿ. ಕ್ರಯಪತ್ರದ ಜೊತೆಯಲ್ಲೇ ಅದನ್ನೂ ಪೆಟ್ಟಿಗೆಯಲ್ಲಿಡಿ.

ಕಟ್ಟಡ ಹೊಸದಾಗಿದ್ದರೆ ಇನ್ನೊಂದು ದಾರಿಯಿದೆ. 2016ರ ರೇರಾ ಕಾಯಿದೆಯ ಪ್ರಕಾರ, ಮನೆ ಕೈಗೆ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸಗಾರಿಕೆಯಲ್ಲಿ ದೋಷ ಕಂಡು ತಿಳಿಸಿದರೆ, ಕಟ್ಟಿದವರು ಮೂವತ್ತು ದಿನದಲ್ಲಿ ಬೇರೆ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಹಾಗಾಗಿ ಸೋರಿಕೆ ಕಂಡ ಕೂಡಲೆ ನೆರೆಯವರ ಮೇಲೆ ಹರಿಹಾಯುವುದಕ್ಕೆ ಮೊದಲು ತಪ್ಪು ನೆರೆಯವರದೋ, ಸಂಘದ್ದೋ, ಕಟ್ಟಿದವರದೋ ಎಂದು ಕೇಳಿಕೊಳ್ಳಿ.

ಗಾಡಿ ನಿಲ್ಲಿಸುವ ಜಾಗದ ಜಗಳವಂತೂ ಎಲ್ಲ ಕಡೆ ಇದ್ದದ್ದೆ. ಮುಂಬಯಿಯ ಒಂದು ಮೊಕದ್ದಮೆಯಲ್ಲಿ, ಮಹಾರಾಷ್ಟ್ರದ ಕಾಯಿದೆಯನ್ನು ನೋಡಿ, ಸುಪ್ರೀಂ ಕೋರ್ಟು 2010ರಲ್ಲಿ ಒಂದು ಮಾತು ಹೇಳಿತು: ಕಂಬಗಳ ಕೆಳಗಿನ ತೆರೆದ ಜಾಗವನ್ನು ಕಟ್ಟಿದವರು ಪ್ರತ್ಯೇಕ ಫ್ಲ್ಯಾಟಿನಂತೆ ಮಾರಲು ಬರುವುದಿಲ್ಲ, ಅದು ಸಾಮಾನ್ಯ ಭಾಗ. ಆದ್ದರಿಂದ "ಇದು ನನ್ನ ಜಾಗ, ದುಡ್ಡು ಕೊಟ್ಟಿದ್ದೇನೆ" ಎಂದು ಕೂಗುವ ಮುಂಚೆ ನಿಮ್ಮ ಪತ್ರದಲ್ಲಿ ಏನು ಬರೆದಿದೆ, ಸಂಘದ ಹಂಚಿಕೆ ಏನಿದೆ ನೋಡಿಕೊಳ್ಳಿ. ನಮ್ಮ ಸ್ಕೂಟರಿನ ತಂಟೆ ಒಂದು ಹಾಳೆಯಲ್ಲಿ ಮುಗಿಯಿತು. ಬಾಡಿಗೆಯವರ ಹತ್ತಿರ ಕಾರು ಇಲ್ಲದಿದ್ದಾಗ ಅವರು ಸ್ಕೂಟರು ನಿಲ್ಲಿಸಬಹುದು, ಇದ್ದಾಗ ತೆಗೆಯಬೇಕು. ಇಬ್ಬರೂ ರುಜು ಹಾಕಿದೆವು.

ಗದ್ದಲದ ವಿಷಯಕ್ಕೂ ನಿಯಮ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ಲು ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಡೆ ಧ್ವನಿವರ್ಧಕ ಸಾಮಾನ್ಯವಾಗಿ ಕೂಡದು. ಆದರೆ ಮೇಲಿನ ಮನೆಯ ಮಗು ಓಡಾಡುವ ಸದ್ದಿಗೆ, ಬೆಳಗಿನ ಮಿಕ್ಸಿಯ ಸದ್ದಿಗೆ ಡೆಸಿಬೆಲ್ಲು ಹಿಡಿದುಕೊಂಡು ಹೋದರೆ ನಗೆಪಾಟಲಾಗುತ್ತದೆ. ಹಳ್ಳಿಯಲ್ಲಿ ಪಕ್ಕದ ಮನೆಯ ಒನಕೆಯ ಸದ್ದಿಗೆ ಯಾರೂ ದೂರು ಕೊಡುತ್ತಿರಲಿಲ್ಲ. ಕೆಲವು ಸದ್ದು ಬದುಕಿನ ಸದ್ದು.

ದೂರದ ಊರಿನಲ್ಲಿ ಫ್ಲ್ಯಾಟು ಇರುವವರು ಮಾಡಿಕೊಳ್ಳಬೇಕಾದ ಏರ್ಪಾಡು ಏನು? ನಾವು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು, ವಂತಿಗೆ ನಿಲ್ಲಿಸಬೇಡಿ. ನಮ್ಮ ಊರಿನ ಕೆರೆಯನ್ನು ನೆನೆಸಿಕೊಳ್ಳಿ. "ಈ ಸಲ ನನ್ನ ಗದ್ದೆಗೆ ನೀರು ಸರಿಯಾಗಿ ಬಿಡಲಿಲ್ಲ" ಎಂದು ನೀರುಗಂಟಿಯ ಮೇಲಿನ ಕೋಪಕ್ಕೆ ಕೆರೆ ಕಟ್ಟೆಯ ಕೆಲಸಕ್ಕೆ ಹೋಗದಿದ್ದರೆ, ಮುಂದೆ ಕೆರೆಯೇ ಒಡೆಯುತ್ತದೆ, ನಮ್ಮ ಗದ್ದೆಯೂ ಹೋಗುತ್ತದೆ. ಬೇಕಾದರೆ "ತಕರಾರು ಉಳಿಸಿಕೊಂಡು ಪಾವತಿ ಮಾಡಿದ್ದೇನೆ" ಎಂದು ಬರೆದು ಕೊಡಿ. ಬಾಕಿದಾರನ ದೂರಿಗೆ ಬೆಲೆಯಿಲ್ಲ.

ಎರಡನೆಯದು, ಎಲ್ಲವನ್ನೂ ಬರಹದಲ್ಲಿ ಇಡಿ. ಯಾವ ದಿನ ಸೋರಿಕೆ ಕಂಡಿತು, ಯಾರಿಗೆ ತಿಳಿಸಿದಿರಿ, ಅವರು ಏನೆಂದರು. ಫೋಟೋ ತೆಗೆದು ದಿನಾಂಕ ಬರೆದುಕೊಳ್ಳಿ. ಫೋನಿನಲ್ಲಿ ಆಡಿದ ಮಾತು ಕೋಪವಾಗಿ ಉಳಿಯುತ್ತದೆ, ಕಾಗದದಲ್ಲಿ ಬರೆದ ಮಾತು ದಾಖಲೆಯಾಗಿ ಉಳಿಯುತ್ತದೆ. ಕಾಗದವನ್ನು ನಮ್ಮ ಗಡಿನಾಡಿನವರು ಒಳ್ಳೆಯ ಕನ್ನಡದಲ್ಲೇ ಬರೆಯಬಹುದಲ್ಲ! ನಾನು ಬರೆದ ಅರ್ಜಿ ನೋಡಿ ಆ ಸಂಘದ ಕಾರ್ಯದರ್ಶಿ, "ಆಂಧ್ರದವರು ಅಂತಿದ್ರು, ನಮಗಿಂತ ಚೆನ್ನಾಗಿ ಕನ್ನಡ ಬರೀತೀರಲ್ಲಮ್ಮ" ಎಂದರು. ನಾನು ನಕ್ಕು, "ಎರಡೂ ಬರೀತೀನಿ ಸಾರ್, ತೆಲುಗಲ್ಲೂ ಒಂದು ಪ್ರತಿ ಬೇಕಾ?" ಎಂದೆ.

ಮೂರನೆಯದು, ಸ್ಥಳದಲ್ಲಿ ಒಬ್ಬ ನಂಬಿಕೆಯ ಮನುಷ್ಯ ಇರಲಿ, ಅವರ ಹತ್ತಿರ ಒಂದು ಬೀಗದ ಕೈ ಇರಲಿ. ರಿಪೇರಿ ಮಾಡಿಸಲು, ಸಭೆಗೆ ಹೋಗಲು, ಸಂಘದ ಕಾಗದ ತೆಗೆದುಕೊಳ್ಳಲು ಎಂದು ಯಾವ ಯಾವ ಕೆಲಸಕ್ಕೆ ಎಂಬುದನ್ನು ಬಿಡಿಸಿ ಬರೆದ ಅಧಿಕಾರ ಪತ್ರ ಕೊಡಿ. ಮಾರುವ, ಒತ್ತೆ ಇಡುವ ಅಧಿಕಾರವನ್ನೆಲ್ಲ ಸೇರಿಸಿದ ಜಿ.ಪಿ.ಎ. ಬೇಡ. ಜಿ.ಪಿ.ಎ. ಒಂದರಿಂದಲೇ ಒಡೆತನ ಬದಲಾಗದು ಎಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಆದರೂ ಅದನ್ನು ಹಿಡಿದುಕೊಂಡು ತೊಂದರೆ ಕೊಟ್ಟವರು ಉಂಟು. ಜೊತೆಗೆ, ಹೋದವನು ಕೂಗಾಡುವವನಾಗಿರಬಾರದು. ನಮ್ಮ ಭಾವಮೈದುನನ ಕಥೆ ಕೇಳಿದಿರಲ್ಲ.

ನಾಲ್ಕನೆಯದು, ಬಾಡಿಗೆಯವರ ಕರಾರಿನಲ್ಲಿ ಸಂಘದ ನಿಯಮಗಳನ್ನೂ ಸೇರಿಸಿ, ಓದಿ ಹೇಳಿ. ಬಾಡಿಗೆಯವರು ಮಾಡಿದ ತಂಟೆಗೂ ಕೊನೆಯಲ್ಲಿ ಬಾಗಿಲು ತಟ್ಟುವುದು ಒಡೆಯನದೇ.

ಐದನೆಯದು, ವರ್ಷಕ್ಕೊಮ್ಮೆ ನಡೆಯುವ ಸರ್ವಸದಸ್ಯರ ಸಭೆಗೆ ಹೋಗಿ. ಬಸ್ಸಿನ ಖರ್ಚು ದಂಡ ಎನ್ನಬೇಡಿ. ಮುಖ ಕಂಡ ಮನುಷ್ಯನನ್ನು ಬೈಯುವುದು, ಮುಖ ಕಾಣದ ಫ್ಲ್ಯಾಟು ನಂಬರನ್ನು ಬೈಯುವಷ್ಟು ಸುಲಭವಲ್ಲ.

ಇಷ್ಟಾದರೂ ಬಗೆಹರಿಯದಿದ್ದರೆ? ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಮೊದಲು ಎದುರುಬದುರು ಮಾತು. ಆಮೇಲೆ ಸಂಘಕ್ಕೆ ಲಿಖಿತ ದೂರು. ಆಮೇಲೆ ಸಂಧಾನ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ನಡೆಯುವ ಲೋಕ ಅದಾಲತ್ತಿಗೆ ದಾವೆ ಹಾಕುವ ಮೊದಲೇ ಹೋಗಬಹುದು. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆಯಿದೆ, ಮೇಲ್ಮನವಿ ಇಲ್ಲ. ಇದೇ ಕಾಯಿದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. 15100 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಕೇಳಬಹುದು. 2023ರಲ್ಲಿ ಬಂದ ಮಧ್ಯಸ್ಥಿಕೆ ಕಾಯಿದೆಯಲ್ಲಿ ಒಂದೇ ಪ್ರದೇಶದ ನಿವಾಸಿಗಳ ನೆಮ್ಮದಿ ಕೆಡಿಸುವ ತಕರಾರುಗಳಿಗೆಂದೇ ಸಮುದಾಯ ಮಧ್ಯಸ್ಥಿಕೆಯ ಅಧ್ಯಾಯವಿದೆ. ನಮ್ಮ ಅರಳಿಕಟ್ಟೆಯ ಪಂಚಾಯಿತಿಗೆ ಅಂಗಿ ಹೊಲಿಸಿದಂತೆ ಅದು. ಬೆದರಿಕೆ ಹಾಕಿದರೆ, ಕೈಮಾಡಲು ಬಂದರೆ ಮಾತ್ರ ತಡಮಾಡದೆ 112ಕ್ಕೆ ಫೋನು ಮಾಡಿ, ಪೊಲೀಸರಿಗೆ ದೂರು ಕೊಡಿ. ಕೋರ್ಟು ಕೊನೆಯ ಮೆಟ್ಟಿಲು. "ಗೆದ್ದವನು ಸೋತ, ಸೋತವನು ಸತ್ತ" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಹೆಚ್ಚಿನ ಜನ ಫ್ಲ್ಯಾಟುಗಳಲ್ಲೇ ಬದುಕುವ ಸಿಂಗಪುರದಲ್ಲಿ ಸರ್ಕಾರ 1998ರಲ್ಲಿ ನೆರೆಹೊರೆಯ ಜಗಳ ಬಗೆಹರಿಸಲು ಸಂಧಾನ ಕೇಂದ್ರ ತೆರೆಯಿತು. ಅದೂ ಸಾಲದೆ 2015ರಲ್ಲಿ ನೆರೆಯವರ ತಕರಾರಿಗೆಂದೇ ನ್ಯಾಯಮಂಡಳಿ ಮಾಡಿತು. ಇಂಗ್ಲೆಂಡಿನಲ್ಲಿ ಇಬ್ಬರಿಗೂ ಸೇರಿದ ಗೋಡೆಯನ್ನು ಮುಟ್ಟುವ ಮುಂಚೆ ಪಕ್ಕದವರಿಗೆ ಲಿಖಿತ ನೋಟೀಸು ಕೊಡಬೇಕೆಂದು 1996ರ ಕಾಯಿದೆ ಹೇಳುತ್ತದೆ. ಅಲ್ಲಿ ಮನೆ ಮಾಡಿರುವ ನಮ್ಮ ಮಕ್ಕಳಿಗೆ ಇದನ್ನು ತಿಳಿಸಿ. ಊರು ಯಾವುದಾದರೂ ಕ್ರಮ ಒಂದೇ: ಮೊದಲು ಆ ಊರಿನ ನಿಯಮ ತಿಳಿ, ಆಮೇಲೆ ಮಾತಾಡು, ಮಾತು ಸಾಲದಿದ್ದರೆ ಮಧ್ಯಸ್ಥರನ್ನು ಕರೆ.

ಶ್ರೋತೃಗಳೆ, ನಮ್ಮ ಕಥೆಯ ಕೊನೆಯ ಭಾಗ ಹೇಳಿ ಮುಗಿಸುತ್ತೇನೆ. 2019ರ ಕೊನೆಗೆ ಕೊಳವೆ ರಿಪೇರಿಯಾಯಿತು. ಬಾಕಿಯನ್ನೆಲ್ಲ ಕಟ್ಟಿದೆವು. ಒಂದು ಬೀಗದ ಕೈಯನ್ನು ಕಾರ್ಯದರ್ಶಿಯ ಹತ್ತಿರ ಬಿಟ್ಟು ಬಂದೆ. 2020ರ ಮಾರ್ಚಿನಲ್ಲಿ ಕೊರೊನಾ ಬಂತು, ಲಾಕ್‌ಡೌನ್ ಆಯಿತು. ನಮ್ಮ ಹೊಲದ ಬದುವಿನಾಚೆ ಕಾಣುವ ಕರ್ನಾಟಕಕ್ಕೂ ಹೋಗುವ ಹಾಗಿರಲಿಲ್ಲ. ಫ್ಲ್ಯಾಟು ಖಾಲಿ ಇತ್ತು. ಏಪ್ರಿಲ್‌ನಲ್ಲಿ ಒಂದು ರಾತ್ರಿ ಒಂಬತ್ತು ಗಂಟೆಗೆ ಫೋನು ಬಂತು. ಮೂರನೆಯ ಮಹಡಿಯವರು.

"ನಿಮ್ಮ ಅಡುಗೆಮನೆ ನಲ್ಲಿ ಹೋಗಿದೆ. ನೀರು ಮೊದಲನೇ ಮಹಡಿಯವರ ಮನೆಗೆ ಇಳೀತಿದೆ. ಬೀಗ ತೆಗೀಲಾ?"

ಈ ಸಲ ಸೋರುವ ಮನೆ ನಮ್ಮದು. ಮೇಲಿನವರು ನಾವು. ಯಜಮಾನರು, "ತೆಗೀರಿ ಸಾರ್, ದಯವಿಟ್ಟು ತೆಗೀರಿ" ಎಂದರು. ಕಾರ್ಯದರ್ಶಿಯೂ ಅವರೂ ಹೋಗಿ ನೀರು ನಿಲ್ಲಿಸಿ, ನೆಲ ಒರೆಸಿ, ಫೋಟೋ ಕಳಿಸಿದರು. ಮೊದಲನೆಯ ಮಹಡಿಯವರ ಸೂರಿಗೆ ಸುಣ್ಣ ಹೊಡೆಸಿದ ಖರ್ಚನ್ನು ನಾವು ಮಾತಿಲ್ಲದೆ ಕೊಟ್ಟೆವು.

ಅವರೂ ನಾವೂ ಈಗ ಬಂಧುಗಳಂತೆ ಆಗಿದ್ದೇವೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಮನುಷ್ಯ ಇಂದಿಗೂ ಎದುರು ಸಿಕ್ಕರೆ ತಲೆಯಾಡಿಸುತ್ತಾರೆ, ನಗುವುದಿಲ್ಲ. ಅವರ ತಾಯಿ ತೀರಿಕೊಂಡಾಗ ನಾನು ಹೋಗಿ ಬಂದೆ. ನಮ್ಮ ಯಜಮಾನರು ಆ "ಆಂಧ್ರದವರು" ಎಂಬ ಮಾತನ್ನು ಇನ್ನೂ ಮರೆತಿಲ್ಲ. ಆದರೆ ವಂತಿಗೆ ಮಾತ್ರ ತಿಂಗಳ ಐದನೇ ತಾರೀಖಿಗೆ ತಪ್ಪದೆ ಕಟ್ಟುತ್ತಾರೆ. ನೆರೆಯವರು ಸ್ನೇಹಿತರಾಗಲೇಬೇಕೆಂಬ ನಿಯಮ ಯಾವ ಬೈಲಾದಲ್ಲೂ ಇಲ್ಲ. ರಾತ್ರಿ ಒಂಬತ್ತಕ್ಕೆ ನಮ್ಮ ಮನೆ ಸೋರಿದರೆ ಫೋನು ಮಾಡುವಷ್ಟು ಸಂಬಂಧ ಉಳಿದರೆ ಸಾಕು.

ಕನ್ನಡದಲ್ಲಿ ನೆರೆಹೊರೆ ಎನ್ನುತ್ತೇವೆ, ತೆಲುಗಿನಲ್ಲಿ ಇರುಗು ಪೊರುಗು ಎನ್ನುತ್ತಾರೆ. ಎರಡು ಭಾಷೆಯಲ್ಲೂ ಅದು ಜೋಡಿಪದ. ಒಂದು ಮಾತನ್ನು ಹೇಳಿದರೆ ಇನ್ನೊಂದು ತಾನಾಗಿ ನಾಲಿಗೆಗೆ ಬರುತ್ತದೆ. ಬದುವಿನ ಎರಡು ಕಡೆ ಬದುಕಿ ಬಂದ ನಮಗೆ ಅದರ ಅರ್ಥ ಗೊತ್ತಿದೆ. ಫ್ಲ್ಯಾಟಿನ ಬೀಗದ ಕೈ ತೆಗೆದುಕೊಳ್ಳುವಾಗ ಆ ತಿಳಿವಳಿಕೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೋಗುವಾಗ ಎರಡು ಸೇರು ಕಡಲೆಕಾಯಿಯನ್ನೂ ಒಯ್ಯಿರಿ.